ದೊಡ್ಡಮ್ಮನ ಸಂಚಿಯಲ್ಲಿದ್ದ ಮಾತ್ರೆ: ತಲೆ ಆಪರೇಷನ್ ಆದ್ಮೇಲೆ ಎಚ್ಚರ ತಡವಾದ ಒಂದು ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಕೊಡಗಿನ ಒಂದು ಆಸ್ಪತ್ರೆ ಐಸಿಯುನಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್ ಆಗಿದೀನಿ. ಈ ಕೇಸಲ್ಲಿ ಮಾತ್ರ ನಾನು ಡ್ಯೂಟಿಯಲ್ಲಿ ಇರ್ಲಿಲ್ಲ, ಪೇಷೆಂಟ್ ಕಡೆಯೋಳಾಗಿ ಹೊರಗಡೆ ಬೆಂಚ್ ಮೇಲೆ ಕೂತಿದ್ದೆ. ಪೇಷೆಂಟ್ ನನ್ನ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ, ಸೋಮವಾರಪೇಟೆ ತಾಲೂಕಿನ ಹಳ್ಳಿಯವರು, ವಯಸ್ಸು 69, ತೂಕ 46 ಕೆಜಿ. ಆಪರೇಷನ್ ಆಗಿದ್ದು ಮೈಸೂರಲ್ಲಿ, ಆಸ್ಪತ್ರೆ ಹೆಸರು ಬೇಡ. ಡೋಸ್, ಟೈಮ್ ಎಲ್ಲ ಕೇಸ್ ಶೀಟ್ ಕಾಪಿ ಮುಂದೆ ಇಟ್ಕೊಂಡೇ ಬರೀತಿದೀನಿ. ದೊಡ್ಡಮ್ಮನ್ನೂ ಕೇಳಿದೀನಿ, "ಬರಿ ಪುಟ್ಟಿ, ನನ್ ತರ ಎಷ್ಟ್ ಜನ ಯಾರಿಗೂ ಹೇಳ್ದೆ ನುಂಗ್ತಾ ಇದಾರೋ" ಅಂದ್ರು.

ಶುರುವಾಗಿದ್ದು ಕಾಫಿ ಹೂವಿಂದ. ಹೋದ ವರ್ಷ ಮಾರ್ಚ್‌ನಲ್ಲಿ ಹೂ ಮಳೆ ಬಂದು ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗಿತ್ತು, ನಮ್ಮ ಕಡೆಯವರಿಗೆ ಗೊತ್ತು, ಆ ಮೂರ್ನಾಲ್ಕು ದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ ಮಲ್ಲಿಗೆ ತರ ಘಮ ಮನೆಯೊಳಗೇ ನುಗ್ಗತ್ತೆ. ದೊಡ್ಡಮ್ಮ ಜಗಲಿ ಮೇಲೆ ಕೂತ್ಕೊಂಡು "ಈ ಸಲ ಹೂವಿಗೆ ವಾಸನೇನೇ ಇಲ್ಲ ಕಣೇ" ಅಂದ್ರು. ನಾನೂ ಅಲ್ಲೇ ಇದ್ದೆ, ನಂಗೆ ತಲೆನೋವು ಬರೋ ಅಷ್ಟು ಘಮ ಬರ್ತಾ ಇತ್ತು. ನಕ್ಕು ಸುಮ್ನಾದೆ. ಆಮೇಲೆ ಹಾಲು ಸೀದು ಅಡುಗೆಮನೆ ತುಂಬ ಹೊಗೆ ಬಂದ್ರೂ ಅವರಿಗೆ ಗೊತ್ತಾಗ್ತಾ ಇರ್ಲಿಲ್ಲ, ಮಾತು ಕಮ್ಮಿ ಆಯ್ತು, ಸಂತೆಗೆ ಹೋಗೋದು ಬಿಟ್ರು, ಯಾರ ಮನೆ ಮದುವೆ ಅಂದ್ರೂ ಹೂಂ ಅಂತ ಕೂತಿರೋರು. ದೊಡ್ಡಪ್ಪ ತೀರ್ಕೊಂಡ ದುಃಖ, ವಯಸ್ಸು ಬೇರೆ ಆಯ್ತು ಅಂತ ನಾವೆಲ್ಲ ಅಂದ್ಕೊಂಡ್ವಿ.

ಜುಲೈನಲ್ಲಿ, ಮೂರು ದಿನದಿಂದ ಕರೆಂಟ್ ಇಲ್ಲದ ಒಂದು ರಾತ್ರಿ, ಫಿಟ್ಸ್ ಬಂತು. ಪಕ್ಕದ ಮನೆ ಜೀಪಲ್ಲಿ ಹಾಕ್ಕೊಂಡು ರಸ್ತೆಗೆ ಬಿದ್ದ ಮರ ಸುತ್ತಿ ಬಳಸಿ ಕರ್ಕೊಂಡು ಬಂದ್ರು. ಮಡಿಕೇರಿಯಲ್ಲಿ ಸಿಟಿ ಮಾಡಿದಾಗ್ಲೇ ಗಡ್ಡೆ ಕಾಣಿಸ್ತು, ಮೈಸೂರಲ್ಲಿ ಎಂಆರ್‌ಐ ಆಯ್ತು. ಮೆನಿಂಜಿಯೋಮ, ಅಂದ್ರೆ ಮೆದುಳಿನ ಹೊದಿಕೆಯಿಂದ ಹುಟ್ಟೋ ಗಡ್ಡೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ, ವರ್ಷಾನುಗಟ್ಟಲೆ ನಿಧಾನಕ್ಕೆ ಬೆಳೆಯತ್ತೆ, ಹೆಂಗಸರಲ್ಲೇ ಜಾಸ್ತಿ. ದೊಡ್ಡಮ್ಮನ ಗಡ್ಡೆ ಮೂಗಿನ ಮೇಲ್ಭಾಗದಲ್ಲಿ, ವಾಸನೆ ನರ ಹಾದು ಹೋಗೋ ಜಾಗದಲ್ಲಿ ಕೂತಿತ್ತು, 5 ಸೆಂಟಿಮೀಟರ್, ಸುತ್ತ ಬಾವು, ಬಲಗಡೆ ಜಾಸ್ತಿ. ಹೂವಿಗೆ ವಾಸನೆ ಇಲ್ಲ ಅಂದಿದ್ದು, ಮಂಕಾಗಿ ಕೂತಿದ್ದು, ಎಡಗೈಯಲ್ಲಿ ಲೋಟ ಜಾರ್ತಾ ಇದ್ದಿದ್ದು, ಎಲ್ಲಕ್ಕೂ ಕಾರಣ ಒಂದೇ. ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ 4 ಮಿಲಿಗ್ರಾಂ ಆರು ಗಂಟೆಗೊಂದ್ಸಲ ಶುರು ಮಾಡಿದ್ರು, ಬಾವು ಇಳಿದು ನಾಲ್ಕೇ ದಿನಕ್ಕೆ ಎಡಗೈ ಸರಿಹೋಯ್ತು, ತಾವೇ ಜಡೆ ಹಾಕ್ಕೊಂಡ್ರು. ಈ ಎಡಗೈ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಈಗ ಆಪರೇಷನ್ ಹಿಂದಿನ ದಿನದ ಅನಸ್ತೇಶಿಯಾ ಚೆಕಪ್. ಹೊರಗಡೆ ತುಂಬ ಜನ ಕಾಯ್ತಾ ಇದ್ರು, ಐದು ನಿಮಿಷದಲ್ಲಿ ಮುಗೀತು. ಬಿಪಿ ಇದ್ಯಾ, ಶುಗರ್ ಇದ್ಯಾ, ಆಸ್ತಮಾ, ಹಲ್ಲು ಅಲ್ಲಾಡತ್ತಾ, ಬಾಯಿ ತೆಗೀರಿ. "ಏನೇನ್ ಮಾತ್ರೆ ತಗೋತಾರೆ?" ಅಂತ ಕೇಳಿದ್ದು ಅಣ್ಣನ್ನ, ದೊಡ್ಡಮ್ಮನ್ನ ಅಲ್ಲ. ಅಣ್ಣ ಬಿಪಿ ಮಾತ್ರೆ, ಫಿಟ್ಸ್‌ಗೆ ಲೆವೆಟಿರಾಸಿಟಮ್, ಬಾವಿಗೆ ಸ್ಟಿರಾಯ್ಡ್ ಅಂತ ಹೇಳ್ದ, "ಬೇರೆ ಏನಾದ್ರೂ?" ಅಂದ್ರು, ಇಲ್ಲ ಅಂದ. ಅವನಿಗೆ ಗೊತ್ತಿದ್ದಿದ್ದೇ ಅಷ್ಟು. ದೊಡ್ಡಮ್ಮ ಸೆರಗು ಹೊದ್ಕೊಂಡು ನೆಲ ನೋಡ್ತಾ ಕೂತಿದ್ರು. ನಾನು ಗೋಡೆಗೆ ಒರಗಿ ನಿಂತಿದ್ದೆ, ದಿನಾ ನಾನೇ ಬೇರೆಯವರಿಗೆ ಇದೇ ಪ್ರಶ್ನೆ ಕೇಳೋಳು, ಅವತ್ತು ಒಂದು ಮಾತು ಕೇಳ್ಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಕೊರೀತಾ ಇದೆ.

ಆಪರೇಷನ್ ದಿನ ಬೆಳಿಗ್ಗೆ ಎಂಟೂವರೆಗೆ ಓಟಿ ಬಾಗಿಲಲ್ಲಿ ದೊಡ್ಡಮ್ಮನ ಪಲ್ಸ್ 110, ಕೈ ತಣ್ಣಗೆ. ಭಯ ಕಮ್ಮಿ ಆಗ್ಲಿ ಅಂತ ಮಿಡಜೋಲಾಮ್ 2 ಮಿಲಿಗ್ರಾಂ ಕೊಟ್ರು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಿಡಜೋಲಾಮ್ ರಕ್ತನಾಳಕ್ಕೆ ಹೋಗಿ ಎರಡು ಮೂರು ನಿಮಿಷಕ್ಕೆ ಕಣ್ಣು ಭಾರ ಆಗತ್ತೆ, ಗಟ್ಟಿಮುಟ್ಟಾದ ಪ್ರಾಯದವರಿಗೆ 2 ಮಿಲಿಗ್ರಾಂ ಮಾಮೂಲಿ, ಆದ್ರೆ 60 ದಾಟಿದವರಿಗೆ ಅರ್ಧ ಇಲ್ಲ ಒಂದು ಮಿಲಿಗ್ರಾಂನಿಂದ ಶುರು ಮಾಡಿ ನೋಡ್ಕೊಂಡು ಕೊಡ್ಬೇಕು, ಅವರಲ್ಲಿ ಅದು ಕೆಲಸ ಮಾಡೋದೂ ಜಾಸ್ತಿ, ದೇಹದಿಂದ ಹೋಗೋದೂ ನಿಧಾನ. ತಲೆಯೊಳಗೆ ಒತ್ತಡ ಇರೋರಿಗೆ ಎಷ್ಟೋ ಕಡೆ ಕೊಡೋದೇ ಇಲ್ಲ, ಯಾಕಂದ್ರೆ ನಿದ್ದೆ ಹೆಚ್ಚಾಗಿ ಉಸಿರಾಟ ಕಮ್ಮಿ ಆದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರತ್ತೆ, ಅದು ಏರಿದ್ರೆ ಮೆದುಳಿನ ರಕ್ತನಾಳ ಹಿಗ್ಗತ್ತೆ, ಮೊದಲೇ ಜಾಗ ಇಲ್ಲದ ತಲೆಯೊಳಗೆ ಇನ್ನೂ ಒತ್ತಡ.

ಮಲಗಿಸೋಕೆ ಪ್ರೊಪೊಫಾಲ್ 60 ಮಿಲಿಗ್ರಾಂ, ಅದು ವಯಸ್ಸಿಗೆ ತಕ್ಕ ಹಾಗೇ ಇತ್ತು. ನೋವಿಗೆ ಫೆಂಟಾನಿಲ್ 100 ಮೈಕ್ರೋಗ್ರಾಂ, ಆಮೇಲೆ ಗಂಟೆಗೆ 50ರ ಹಾಗೆ ಏಳು ಗಂಟೆ ಸಿರಿಂಜ್ ಪಂಪಲ್ಲಿ, ಒಟ್ಟು 450. ಜೊತೆಗೆ ಸೆವೋಫ್ಲುರೇನ್ ಗ್ಯಾಸ್, ಫಿಟ್ಸ್ ಬರದೇ ಇರೋಕೆ ಲೆವೆಟಿರಾಸಿಟಮ್ 1 ಗ್ರಾಂ, ಅದೂ ಮಂಪರು ತರೋ ಔಷಧಿನೇ. ಫೆಂಟಾನಿಲ್ ಒಂದ್ಸಲ ಚುಚ್ಚಿದ್ರೆ ಅರ್ಧ ಮುಕ್ಕಾಲು ಗಂಟೆಲಿ ಇಳಿಯತ್ತೆ, ಆದ್ರೆ ಗಂಟೆಗಟ್ಟಲೆ ಬಿಟ್ರೆ ಮಾಂಸಖಂಡ, ಕೊಬ್ಬಿನಲ್ಲೆಲ್ಲ ಸೇರ್ಕೊಂಡು ಪಂಪ್ ನಿಲ್ಲಿಸಿದ ಮೇಲೂ ರಕ್ತಕ್ಕೆ ವಾಪಸ್ ಬರ್ತಾ ಇರತ್ತೆ, ಮಳೆ ಬಿಟ್ಟರೂ ಮರದ ಹನಿ ಬಿಡದು ಅಂತಾರಲ್ಲ ಹಾಗೆ. ಅದಕ್ಕೇ ಚರ್ಮ ಹೊಲಿಯೋಕೆ ಬಹಳ ಮೊದಲೇ ಅದನ್ನ ಇಳಿಸ್ತಾ ಬರ್ಬೇಕು. ದೊಡ್ಡಮ್ಮನ ಚಾರ್ಟಲ್ಲಿ ಪಂಪ್ ನಿಂತಿದ್ದು ಕೊನೇ ಹೊಲಿಗೆ ಹೊತ್ತಿಗೆ.

ಇಷ್ಟೇ ಆಗಿದ್ರೂ ಎರಡು ಮೂರು ಗಂಟೆ ತಡವಾಗಿ ಎದ್ದೇಳೋರು ಅನ್ಸತ್ತೆ. ಯಾರಿಗೂ ಗೊತ್ತಿಲ್ಲದ ಇನ್ನೊಂದು ಔಷಧಿ ಅವರ ರಕ್ತದಲ್ಲಿತ್ತು.

ಸಂಜೆ ಐದಕ್ಕೆ ಸರ್ಜನ್ ಹೊರಗೆ ಬಂದು ಗಡ್ಡೆ ಪೂರ್ತಿ ತೆಗೆದಿದೀವಿ ಅಂದ್ರು, ಅಣ್ಣ ಅಲ್ಲೇ ಕೈ ಮುಗಿದ. ಐದೂ ನಲವತ್ತಕ್ಕೆ ಟ್ಯೂಬ್ ಸಮೇತ ಐಸಿಯುಗೆ ಶಿಫ್ಟ್ ಮಾಡಿದ್ರು, ಎಚ್ಚರ ಆಗಿರ್ಲಿಲ್ಲ. ಆರೂವರೆಗೂ ಇಲ್ಲ. ನಾನು ನರ್ಸ್ ಅಂತ ಗೊತ್ತಿದ್ದಕ್ಕೆ ಒಳಗೆ ಬಿಟ್ರು. ತಲೆ ತುಂಬ ಬ್ಯಾಂಡೇಜ್, ಕಣ್ಣಿನ ರೆಪ್ಪೆ ಬಾತಿದೆ, ಹಣೆಯ ಮೇಲೆ ಬೆಳಿಗ್ಗೆ ಇಟ್ಕೊಂಡಿದ್ದ ವಿಭೂತಿ ಅಳಿಸಿ ಅಯೋಡಿನ್ ಹಳದಿ. ಡ್ಯೂಟಿ ಡಾಕ್ಟರ್ ಎದೆ ಮೂಳೆ ಮೇಲೆ ಒತ್ತಿದ್ರು, ಬಲಗೈ ಮೇಲೆ ಬಂತು, ಎಡಗೈ ಬೆರಳು ಬರೀ ಅದುರಿತು ಅಷ್ಟೆ. ಜಿಸಿಎಸ್ ಬರೆದ್ರು: ಕಣ್ಣು 1, ಮಾತು ಟ್ಯೂಬ್ ಇರೋದ್ರಿಂದ ನೋಡೋಕಾಗಲ್ಲ, ಚಲನೆ 5. ಇದು 1974ರಲ್ಲಿ ಗ್ಲ್ಯಾಸ್ಗೊದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋರು ಎಚ್ಚರ ಅಳೆಯೋಕೆ ಮಾಡಿದ ಲೆಕ್ಕ, 15 ಅಂದ್ರೆ ಪೂರ್ತಿ ಎಚ್ಚರ, 3 ಅಂದ್ರೆ ಏನೂ ಇಲ್ಲ. ಸಾವಿರ ಸಲ ಬರೆದಿದೀನಿ ಆ ನಂಬರ್. ಅವತ್ತು ಬೇರೆಯವರು ಬರೆಯೋದು ನೋಡಿ ಕಾಲು ನಡುಗ್ತು.

ಎಡಗೈ ಬರ್ತಾ ಇಲ್ಲ ಅಂದ್ರೆ ಮೊದಲು ತಲೆಗೆ ಬರೋದು ರಕ್ತಸ್ರಾವ. ತಲೆ ಆಪರೇಷನ್ ಆಗಿ ಮೊದಲ ಆರು ಗಂಟೆ ಅದಕ್ಕೇ ಅಷ್ಟು ಹುಷಾರಾಗಿ ನೋಡೋದು, ಗಂಟೆ ಗಂಟೆಗೂ ಕಣ್ಣಿಗೆ ಟಾರ್ಚ್ ಬಿಡೋದು. ಇಲ್ಲೇ ಇರೋದು ಎಲ್ಲ ಕಷ್ಟ. ಬೇರೆ ಆಪರೇಷನ್ ಆದವರು ಎರಡು ಗಂಟೆ ಜಾಸ್ತಿ ಮಲಗಿದ್ರೆ ಏನೂ ನಷ್ಟ ಇಲ್ಲ, ಮೆದುಳಿನ ಆಪರೇಷನ್ ಆದವರಲ್ಲಿ ಎಚ್ಚರವೇ ನಮಗಿರೋ ಮಾನಿಟರ್, ಔಷಧಿ ಅದನ್ನ ಮುಚ್ಚಿಬಿಟ್ರೆ ಒಳಗೆ ರಕ್ತ ಸೇರ್ತಾ ಇದ್ಯೋ ಬರೀ ನಿದ್ದೆನೋ ಹೊರಗಿಂದ ಹೇಳೋಕಾಗಲ್ಲ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೇ ಮನಸ್ಸಿಂದಾನೇ ಹೇಳಿದ್ರು, "ಬೆಳಿಗ್ಗೆ ಮಿಡಜೋಲಾಮ್ ಹೋಗಿದೆ, ಫ್ಲುಮಾಜೆನಿಲ್ 0.2 ಕೊಟ್ಟು ನೋಡೋಣ್ವಾ ಸರ್." ಮಿಡಜೋಲಾಮ್ ಮೆದುಳಲ್ಲಿ ಕೂರೋ ಜಾಗಕ್ಕೆ ತಾನು ಹೋಗಿ ಕೂತು ಅದನ್ನ ಎಬ್ಬಿಸಿ ಕಳಿಸೋ ಔಷಧಿ ಅದು, ನಿಮಿಷದಲ್ಲಿ ಕಣ್ಣು ತೆಗೆಸತ್ತೆ. ಹಿರಿಯ ಅನಸ್ತೇಶಿಯಾ ಡಾಕ್ಟರ್ ಆಗ ತಾನೇ ಬಂದಿದ್ರು, ಕೊಡಿ ಅನ್ಲಿಲ್ಲ, ಬೇಡ ಅನ್ಲಿಲ್ಲ, ನನ್ನ ಕಡೆ ತಿರುಗಿ ಕೇಳಿದ್ರು: "ಸಿಸ್ಟರ್, ಇವರಿಗೆ ರಾತ್ರಿ ನಿದ್ದೆ ಹೇಗೆ ಬರತ್ತೆ?"

ನಿದ್ದೆ ಮಾತ್ರೆ ತಗೋತಾರಾ ಅಂತ ಕೇಳಿದ್ರೆ ನಾನೂ ಇಲ್ಲ ಅಂತಿದ್ದೆ. ನಿದ್ದೆ ಹೇಗೆ ಬರತ್ತೆ ಅಂದಾಗ ನೆನಪಾಯ್ತು, ದೊಡ್ಡಪ್ಪ ಹೋದ್ಮೇಲೆ ಮೂರು ತಿಂಗಳು ಕಣ್ಣು ಮುಚ್ಚದೆ ಕೂತಿದ್ದವರು ಆಮೇಲೆ ಒಂದಿನ ಇದ್ದಕ್ಕಿದ್ದಂಗೆ ಎಂಟೂವರೆಗೆಲ್ಲ ಮಲಗೋಕೆ ಶುರು ಮಾಡಿದ್ರು, ಬೆಳಿಗ್ಗೆವರೆಗೂ ಅಲ್ಲಾಡ್ತಾ ಇರ್ಲಿಲ್ಲ. ನಾನು ಉತ್ತರ ಹೇಳೋಕೂ ನಿಲ್ಲದೆ ರೂಮಿಗೆ ಓಡ್ದೆ. ದೊಡ್ಡಮ್ಮನ ಎಲೆಅಡಿಕೆ ಸಂಚಿ ಬೀರುನಲ್ಲಿತ್ತು. ಸುಣ್ಣದ ಡಬ್ಬಿ, ಅಡಿಕೆ ಚೂರು, ಮಡಚಿದ 50 ರೂಪಾಯಿ ನೋಟು, ಅದರ ಕೆಳಗೆ ಕತ್ತರಿಯಿಂದ ಕತ್ತರಿಸಿದ ಒಂದು ಮಾತ್ರೆ ಸ್ಟ್ರಿಪ್, ಮೂರು ಮಾತ್ರೆ ಉಳಿದಿತ್ತು, ಎರಡು ಗುಳಿ ಖಾಲಿ. ಕತ್ತರಿಸಿದ್ದರಿಂದ ಹೆಸರು ಅರ್ಧಕ್ಕೆ ಹೋಗಿ ಹಿಂಭಾಗದಲ್ಲಿ "ಜೋಲಾಮ್" ಅನ್ನೋದಷ್ಟೇ ಇತ್ತು, ಪಕ್ಕದಲ್ಲಿ 0.5. ಅಲ್ಪ್ರಾಜೋಲಾಮ್, ಮಿಡಜೋಲಾಮ್ ಜಾತಿಯದೇ ಒಂದು ಮಾತ್ರೆ. ಮನೆಗೆ ಫೋನ್ ಮಾಡಿದ್ರೆ ಅಕ್ಕ ಹುಡುಕಿ ಹೇಳಿದ್ಲು, ದೇವರ ಗೂಡಲ್ಲಿ ಫೋಟೋ ಹಿಂದೆ ಇನ್ನೂ ನಾಲ್ಕು ಸ್ಟ್ರಿಪ್ ಇದೆ ಅಂತ. ಹಿಂದಿನ ರಾತ್ರಿ ಒಂದು, ಭಯಕ್ಕೆ ಬೆಳಗಿನ ಜಾವ ಐದಕ್ಕೆ ಒಂದು ಗುಟುಕು ನೀರಲ್ಲಿ ಇನ್ನೊಂದು ತಗೊಂಡಿದ್ದೆ ಅಂತ ದೊಡ್ಡಮ್ಮನೇ ಆಮೇಲೆ ಹೇಳಿದ್ರು.

ಆ ಸ್ಟ್ರಿಪ್ ನೋಡಿದ ತಕ್ಷಣ ಡಾಕ್ಟರ್ ಫ್ಲುಮಾಜೆನಿಲ್ ಬೇಡವೇ ಬೇಡ ಅಂದ್ರು. ವರ್ಷಗಟ್ಟಲೆ ಈ ಜಾತಿ ಮಾತ್ರೆಗೆ ಮೆದುಳು ಒಗ್ಗಿರೋವಾಗ ಒಮ್ಮೆಲೇ ಅದನ್ನ ಕಿತ್ತು ಹಾಕಿದ್ರೆ ಫಿಟ್ಸ್ ಬರಬಹುದು, ಮೊದಲೇ ಫಿಟ್ಸ್ ಇರೋ ಪೇಷೆಂಟ್, ಆಗ ತಾನೇ ಹೊಲಿದ ತಲೆ, ಫಿಟ್ಸಿಗೆ ಬಿಪಿ ಏರಿದ್ರೆ ರಕ್ತಸ್ರಾವವನ್ನ ನಾವೇ ಕರೆದ ಹಾಗೆ. ಅಲ್ಲದೆ ಫ್ಲುಮಾಜೆನಿಲ್ ಕೆಲಸ ಮಾಡೋದು ಸುಮಾರು ಒಂದು ಗಂಟೆ ಅಷ್ಟೆ, ಅಲ್ಪ್ರಾಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 11 ಗಂಟೆ, ವಯಸ್ಸಾದವರಲ್ಲಿ 16ರ ಹತ್ತಿರ, ಎಚ್ಚರ ಆಗಿ ಮತ್ತೆ ಮುಳುಗೋದು ಖಂಡಿತ. ಫೆಂಟಾನಿಲ್ ಇಳಿಸೋಕೆ ನಲೋಕ್ಸೋನ್ ಕೂಡ ಬೇಡ ಅಂದ್ರು, ಬಿಪಿ ಚಿಮ್ಮತ್ತೆ ಅಂತ.

ಹಾಗಂತ ಮಾತ್ರೆ ಸಿಕ್ತು, ಅದೇ ಕಾರಣ ಅಂತ ಕೈ ಕಟ್ಟಿ ಕೂರ್ಲಿಲ್ಲ ಅವರು, ಅದು ನಂಗೆ ತುಂಬ ಹಿಡಿಸ್ತು. ಬೆರಳು ಚುಚ್ಚಿ ಶುಗರ್ ನೋಡಿದ್ರು, 212, ಸ್ಟಿರಾಯ್ಡ್‌ಗೆ ಏರಿದೆ, ಕಮ್ಮಿ ಅಂತೂ ಇಲ್ಲ. ಸೋಡಿಯಂ 137, ಸರಿ. ಕಾರ್ಬನ್ ಡೈಆಕ್ಸೈಡ್ ಸರಿ. ಮಣಿಕಟ್ಟಿನ ನರಕ್ಕೆ ಕರೆಂಟ್ ಕೊಟ್ಟು ಸ್ನಾಯು ಸಡಿಲ ಮಾಡೋ ಔಷಧಿ ಉಳಿದಿಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ಮೈ ಬಿಸಿ 35.1, ಅದು ಕಮ್ಮಿ, ತಣ್ಣಗಿರೋ ಮೈಯಲ್ಲಿ ಔಷಧಿ ಕರಗೋದು ಇನ್ನೂ ನಿಧಾನ, ಬಿಸಿ ಗಾಳಿ ಕಂಬಳಿ ಹೊದಿಸಿದ್ರು. ಏಳೂಕಾಲಿಗೆ ಸಿಟಿ. ಆ ಇಪ್ಪತ್ತು ನಿಮಿಷ ಅಣ್ಣ ಮೆಟ್ಟಿಲ ಮೇಲೆ ಕೂತು ಕಾವೇರಮ್ಮನ್ನ ಕರೀತಾ ಇದ್ದ. ರಕ್ತಸ್ರಾವ ಇಲ್ಲ, ಮುಂಭಾಗದಲ್ಲಿ ಸ್ವಲ್ಪ ಗಾಳಿ, ಅದು ಈ ಆಪರೇಷನ್ ಆದ್ಮೇಲೆ ಇರೋದೇ, ಬಾವು ಮೊದಲಿದ್ದಷ್ಟೇ.

ಹಾಗಾದ್ರೆ ಎಡಗೈ? ಅದಕ್ಕೆ ಡಾಕ್ಟರ್ ಹೇಳಿದ ಉತ್ತರ ನಂಗೆ 14 ವರ್ಷದ ಸರ್ವಿಸಲ್ಲಿ ಗೊತ್ತಿರ್ಲಿಲ್ಲ. ಮೆದುಳಿಗೆ ಒಂದು ಕಡೆ ಪೆಟ್ಟು ಬಿದ್ದು ಅದರ ಎದುರು ಕಡೆಯ ಕೈಯೋ ಕಾಲೋ ಒಮ್ಮೆ ಸೋತು ಚೇತರಿಸ್ಕೊಂಡಿದ್ರೆ, ಆ ಚೇತರಿಕೆ ಸ್ವಲ್ಪ ಕಷ್ಟಪಟ್ಟು ನಿಂತಿರತ್ತೆ, ಸುತ್ತಲಿನ ನರಗಳು ಹೇಗೋ ತೂಗಿಸ್ಕೊಂಡು ಹೋಗ್ತಾ ಇರತ್ವೆ. ಮಿಡಜೋಲಾಮ್ ತರದ ಔಷಧಿ ಸ್ವಲ್ಪ ಕೊಟ್ರೂ ಮೊದಲು ಕೈ ಬಿಡೋದು ಆ ಜಾಗ, ಅದಕ್ಕೇ ವಾಸಿಯಾಗಿದ್ದ ಹಳೇ ಸೋಲು ಹೊಸದಾಗಿ ಬಂದ ಹಾಗೆ ಕಾಣತ್ತೆ, ಔಷಧಿ ಇಳಿದ ಹಾಗೆ ಹೋಗತ್ತೆ. ಜೂನ್‌ನಲ್ಲಿ ಲೋಟ ಜಾರಿಸ್ತಾ ಇದ್ದ ಅದೇ ಎಡಗೈ. "ಕಾಯೋಣ, ಗಂಟೆಗೊಂದ್ಸಲ ನೋಡೋಣ, ಇವತ್ತು ರಾತ್ರಿ ಇವರು ಒದ್ದಾಡಿದ್ರೂ ಯಾರೂ ಮಿಡಜೋಲಾಮ್ ಮುಟ್ಟಬಾರದು" ಅಂತ ಕೇಸ್ ಶೀಟಲ್ಲಿ ಅಡಿಗೆರೆ ಹಾಕಿ ಬರೆದ್ರು.

ಒಂಬತ್ತೂ ನಲವತ್ತಕ್ಕೆ ಹೆಸರು ಕೂಗಿದಾಗ ರೆಪ್ಪೆ ಬಿಚ್ತು. ಹನ್ನೊಂದಕ್ಕೆ ಎಡಗೈ ಬೆರಳು ಮಡಚಿದ್ರು. ರಾತ್ರಿ ಒಂದೂಕಾಲಿಗೆ ನನ್ನ ಎರಡೂ ಕೈ ಹಿಡ್ಕೊಂಡು ಹಿಚುಕಿದ್ರು, ಎಡಗಡೆ ಒಂಚೂರು ಮೆತ್ತಗೆ, ಆದ್ರೆ ಹಿಚುಕಿದ್ರು. ಬೆಳಿಗ್ಗೆ ಆರಕ್ಕೆ ಟ್ಯೂಬ್ ತೆಗೆದ್ರು. ಗಂಟಲು ಕಟ್ಟಿದ ದನಿಯಲ್ಲಿ ಮೊದಲ ಮಾತು, "ಹಾಲು ಕರೆದ್ರಾ?"

ಯಾವ ಔಷಧಿ ಎಷ್ಟು ಪಾಲು ಅಂತ ಕೇಳಿದ್ದಕ್ಕೆ ಡಾಕ್ಟರ್, ಒಂದರ ಮೇಲೆ ತಪ್ಪು ಹೊರಿಸೋಕಾಗಲ್ಲ ಸಿಸ್ಟರ್ ಅಂದ್ರು. ದೊಡ್ಡ ಗಡ್ಡೆ ಒತ್ತಿದ್ದ ಮುಂಭಾಗದ ಮೆದುಳು ಹೇಗೂ ನಿಧಾನಕ್ಕೆ ಏಳತ್ತೆ, ಅದರ ಮೇಲೆ ಅಲ್ಪ್ರಾಜೋಲಾಮ್, ಮಿಡಜೋಲಾಮ್, ಫೆಂಟಾನಿಲ್ ಮೂರೂ ಸೇರಿದಾಗ ಒಂದು ಒಂದು ಕೂಡಿ ಎರಡಲ್ಲ, ಮೂರೋ ನಾಲ್ಕೋ ಆಗತ್ತೆ, ಚಳಿ ಬೇರೆ. ಮಾತ್ರೆ ವಿಷ್ಯ ಗೊತ್ತಿದ್ದಿದ್ರೆ ಬಾಗಿಲಲ್ಲಿ ಆ 2 ಮಿಲಿಗ್ರಾಂ ಕೊಡಿಸ್ತಾ ಇರ್ಲಿಲ್ಲ ಅಂತ ಅವರೇ ಹೇಳಿದ್ರು. ಮಾತ್ರೆ ವಿಷ್ಯ ಗೊತ್ತಿಲ್ಲದೇ ಇದ್ರೂ 2 ಮಿಲಿಗ್ರಾಂ ಜಾಸ್ತೀನೇ ಅನ್ನೋದು ನನ್ನ ಅಭಿಪ್ರಾಯ, ಅದನ್ನೂ ಅವರಿಗೆ ಹೇಳ್ದೆ, ಅವರು ಅಲ್ಲಗಳೀಲಿಲ್ಲ.

ಇಲ್ಲಿಗೆ ಮುಗೀಲಿಲ್ಲ. ಮೂರನೇ ರಾತ್ರಿ ದೊಡ್ಡಮ್ಮ ವಿಪರೀತ ಆಡೋಕೆ ಶುರು ಮಾಡಿದ್ರು, ಕ್ಯಾತಿಟರ್ ಎಳೆಯೋದು, ತೋಟಕ್ಕೆ ಆನೆ ಬಂದಿದೆ ಅಂತ ಎದ್ದು ಹೊರಡೋದು, ಮೈಯೆಲ್ಲ ಬೆವರು, ಪಲ್ಸ್ 118, ಚಾಚಿದ ಕೈ ನಡುಗ್ತಾ ಇತ್ತು. ಬಾವು ಏರಿದ್ಯೋ, ಸ್ಟಿರಾಯ್ಡೋ, ಲೆವೆಟಿರಾಸಿಟಮ್ ಕೂಡ ಕೆಲವರಿಗೆ ಸಿಟ್ಟು ಬರಿಸತ್ತೆ, ಅದೋ. ಮತ್ತೆ ಸಿಟಿ, ಮತ್ತೆ ಸೋಡಿಯಂ, ಎರಡೂ ಸರಿ. ಸಂಚಿಯ ಮಾತ್ರೆ ವಿಷ್ಯ ಕೇಸ್ ಶೀಟಿಗೆ ಸೇರಿದ್ದರಿಂದ ಕಾರಣ ಬೇಗ ಹೊಳೀತು, ದಿನಾ ಬೀಳ್ತಾ ಇದ್ದ ಮಾತ್ರೆ ನಿಂತು ಮೂರು ದಿನ ಆಗಿತ್ತು. 0.25 ವಾಪಸ್ ಶುರು ಮಾಡಿದ್ರು, ಮಾರನೇ ರಾತ್ರಿ 0.5, ಆನೆ ಹೋಯ್ತು, ನಿದ್ದೆ ಬಂತು. ಮೊದಲ ದಿನ ಜಾಸ್ತಿಯಾಗಿ ಮುಳುಗಿಸಿದ ಔಷಧಿನೇ ಮೂರನೇ ದಿನ ಇಲ್ಲದೆ ಒದ್ದಾಡಿಸ್ತು. ಗೊತ್ತಿಲ್ಲದೇ ಇದ್ದಿದ್ರೆ ಕೈ ಕಾಲು ಕಟ್ಟಿ ಇನ್ನೇನೋ ಇಂಜೆಕ್ಷನ್ ಕೊಟ್ಟು ಮತ್ತೆ ಮಲಗಿಸ್ತಾ ಇದ್ರು, ನಾನು ಅಂಥದ್ದನ್ನೂ ನೋಡಿದೀನಿ.

ಹನ್ನೊಂದನೇ ದಿನ ಡಿಸ್ಚಾರ್ಜ್. ಬಯಾಪ್ಸಿ ಗ್ರೇಡ್ 1, ಅಂದ್ರೆ ಕ್ಯಾನ್ಸರ್ ಅಲ್ಲ ಅಂತ ಬಂತು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟೋವರೆಗೆ ದೊಡ್ಡಮ್ಮ ಕಿಟಕಿ ಕಡೆ ನೋಡ್ತಾ ಇದ್ರು, ಆಮೇಲೆ ತಾವಾಗೇ ಹೇಳಿದ್ರು. ದೊಡ್ಡಪ್ಪ ಹೋದಾಗ ಒಬ್ಬ ಡಾಕ್ಟರ್ ಒಂದು ತಿಂಗಳಿಗೆ ಅಂತ ಬರೆದ್ಕೊಟ್ಟಿದ್ರಂತೆ, ಆ ಚೀಟಿ ಹರಿದು ಹೋದ್ಮೇಲೂ ಸಂತೆ ದಿನ ಮೆಡಿಕಲ್‌ನಲ್ಲಿ ಖಾಲಿ ಕವರ್ ತೋರಿಸಿದ್ರೆ ಕೊಡೋರಂತೆ, ಆರು ವರ್ಷ. "ಹುಚ್ಚಿನ ಮಾತ್ರೆ ಅಂತ ಸೊಸೆ ಅಂದ್ಕೊಂಡಾಳು ಅಂತ ಹೇಳ್ಲಿಲ್ಲ ಪುಟ್ಟಿ." ಅಲ್ಪ್ರಾಜೋಲಾಮ್ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿದೆ, ಡಾಕ್ಟರ್ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ, ಕೊಟ್ರೆ ಪೇಷೆಂಟ್ ಹೆಸರು, ಡಾಕ್ಟರ್ ಹೆಸರು ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡ್ಬೇಕು. ಆ ಮೆಡಿಕಲ್‌ಗೆ ನಾನೇ ಹೋಗಿ ಮಾತಾಡಿದೆ. ಕೂಗಾಡೋ ಮನಸ್ಸಿತ್ತು, ಕೂಗಾಡ್ಲಿಲ್ಲ, ಚೀಟಿ ಇಲ್ಲದೆ ಇನ್ನೊಬ್ಬರಿಗೆ ಕೊಡಬೇಡಿ ಅಂತ ಕೈ ಮುಗಿದು ಬಂದೆ.

ನಮ್ಮ ವಾರ್ಡಲ್ಲಿ ಈಗ ನಾನು ವಯಸ್ಸಾದ ಹೆಂಗಸರ ಹತ್ರ ಕೂತು, ಮಗ ಸೊಸೆ ಆಚೆ ಹೋದ್ಮೇಲೆ, ರಾತ್ರಿ ನಿದ್ದೆ ಹೇಗೆ ಬರತ್ತೆ ಅಜ್ಜಿ ಅಂತ ಕೇಳ್ತೀನಿ. ಹೋದ ತಿಂಗಳೊಂದರಲ್ಲೇ ಮೂರು ಸಂಚಿ ಬಿಚ್ಚಿಸಿದೀನಿ.

ದೊಡ್ಡಮ್ಮನ ಮಾತ್ರೆ ಡಾಕ್ಟರ್ ಬರೆದ್ಕೊಟ್ಟ ಹಾಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪಾನೇ ಇಳಿಸ್ತಾ ಬಂದು ಈಗ ಕಾಲು ಭಾಗಕ್ಕೆ ನಿಂತಿದೆ, ಅಕ್ಕ ಬ್ಲೇಡಲ್ಲಿ ಕತ್ತರಿಸಿ ಕೊಡ್ತಾಳೆ. ಮಾತು ವಾಪಸ್ ಬಂದಿದೆ, ಸಂತೆಗೆ ಹೋಗ್ತಾರೆ, ಜಗಳಾನೂ ಆಡ್ತಾರೆ. ವಾಸನೆ ಮಾತ್ರ ಬರ್ಲಿಲ್ಲ, ಇನ್ನು ಬರಲ್ಲ ಅಂತ ಸರ್ಜನ್ ಮೊದಲೇ ಹೇಳಿದ್ರು. ಈ ಮಾರ್ಚ್‌ನಲ್ಲಿ ಹೂ ಬಿಟ್ಟಾಗ ಜಗಲಿ ಮೇಲೆ ಕೂತು ಬರೀ ನೋಡಿದ್ರು. ಗ್ಯಾಸ್ ಲೀಕ್ ಆದ್ರೂ ಅವರಿಗೆ ಗೊತ್ತಾಗಲ್ಲ ಅಲ್ವಾ, ಅದಕ್ಕೆ ರಾತ್ರಿ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡೋ ಕೆಲಸ ಮೊಮ್ಮಗನಿಗೆ ಬಿಟ್ಟಿದೀವಿ, ಹಾಲಿಗಿಟ್ಟಾಗ ದೊಡ್ಡಮ್ಮ ಒಲೆ ಪಕ್ಕ ಮಣೆ ಹಾಕ್ಕೊಂಡು ಉಕ್ಕೋವರೆಗೂ ಅಲ್ಲೇ ಕೂತಿರ್ತಾರೆ.